ಸೊಟ್ಟ ಬಾಯಿಯ ಕುಡಿಕೆ

ಕೆಲಮಂಗಲದಿಂದ ಡೆಂಕಣಿಕೋಟೆಯ ಕಡೆಗೆ ಹೊರಳುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಅಂಚಿಗೆ, ಕುಂಬಾರರ ಬೀದಿ ಎಂದು ಇನ್ನೂ ಕರೆಸಿಕೊಳ್ಳುವ ಬೀದಿಯೊಂದಿದೆ. ಅಲ್ಲಿ ಈಗ ತಿಗರಿ ತಿರುಗುವುದು ಒಂದೇ ಮನೆಯಲ್ಲಿ. ಮಿಕ್ಕ ಮನೆಗಳ ಹುಡುಗರು ಹುಡುಗಿಯರೆಲ್ಲ ಬೆಳಗಾಗುತ್ತಲೇ ಹೊಸೂರಿನ ಕಾರ್ಖಾನೆಗಳ ಬಸ್ಸು ಹತ್ತುತ್ತಾರೆ. ತಿಗರಿ ಉಳಿದಿರುವ ಆ ಮನೆ ವೆಂಕಟೇಶಪ್ಪನದು. ಆದರೆ ದಾರಿ ಕೇಳಿದವರಿಗೆ ಜನ ಹೇಳುವುದು ‘ಕಿಡ್ನಿ ಕೊಟ್ಟ ಅಂಜಮ್ಮನ ಮನೆ’ ಎಂದು.

ಅವನ ಹೆಂಡತಿ ಅಂಜಮ್ಮನಿಗೆ ಆ ಹೆಸರು ಹಿಡಿಸದು. ಕೊಟ್ಟಿದ್ದನ್ನು ಬೀದಿಯಲ್ಲಿ ಆಡಿಕೊಂಡರೆ ವಾಪಸು ಕೇಳಿದ ಹಾಗಾಗುತ್ತದೆ ಎಂದು ಅವಳ ಅಳುಕು. ಮನೆಯೊಳಗಂತೂ ಆ ಪದವೇ ಇಲ್ಲ. ಮಗಳು ಚಂದ್ರಲೇಖಾಳ ಹೊಟ್ಟೆಯ ಬಲಬದಿಯಲ್ಲಿ, ಹೊಲಿಗೆಯ ಗುರುತಿನ ಅಡಿಯಲ್ಲಿ, ಕೈಯಿಟ್ಟರೆ ತಾಕುವಷ್ಟು ಮೇಲೆ ಕೂತಿರುವ ಆ ಅಂಗವನ್ನು ಅಪ್ಪ, ಅಮ್ಮ, ಮಗಳು ಮೂವರೂ ‘ಅಮ್ಮಂದು’ ಎಂದೇ ಕರೆಯುತ್ತಾರೆ. ಅಮ್ಮಂದು ಹೆಂಗೈತೆ, ಅಮ್ಮಂದುಕ್ಕೆ ನೀರು ಸಾಲ್ತಾ, ಅಮ್ಮಂದುಕ್ಕೆ ಉಪ್ಪು ಆಗಲ್ಲ ಎಂದು ಮಾತಾಡಿಕೊಳ್ಳುತ್ತಾರೆ. ಹೊಸಬರು ಕೇಳಿದರೆ, ಆ ಮನೆಯಲ್ಲಿ ಕಣ್ಣಿಗೆ ಬೀಳದ ಮುದುಕಿಯೊಬ್ಬಳಿದ್ದಾಳೆ, ಅವಳ ಆರೈಕೆಯಲ್ಲೇ ಇವರ ಹೊತ್ತೆಲ್ಲ ಹೋಗುತ್ತದೆ ಅಂದುಕೊಳ್ಳಬೇಕು.

ಚಂದ್ರಲೇಖಾ ಹೊಸೂರಿನ ಕಾರ್ಖಾನೆಯೊಂದರಲ್ಲಿ ಚೆಕ್ಕಿಂಗ್ ಕೆಲಸದಲ್ಲಿದ್ದಳು. ಭೂತಗನ್ನಡಿಯಡಿ ಸಣ್ಣ ಸಣ್ಣ ಬಿಡಿಭಾಗಗಳನ್ನಿಟ್ಟು, ಗೀರು ಬಿದ್ದವನ್ನು ಬೇರೆ ಮಾಡುವುದು. ಅವಳ ಕಣ್ಣು ತಪ್ಪಿಸಿ ಒಂದು ಗೀರೂ ಮುಂದಕ್ಕೆ ಹೋಗದು ಎಂದು ಸೂಪರ್‌ವೈಸರ್ ಹೇಳುತ್ತಿದ್ದರಂತೆ. ಕಾಲು ಊದಿಕೊಂಡು, ಉಸಿರು ಕಟ್ಟಿ, ಎರಡೂ ಮೂತ್ರಪಿಂಡ ಒಣಗಿವೆ ಎಂದು ಗೊತ್ತಾದಾಗ ಅವಳಿಗಿನ್ನೂ ಮದುವೆಯ ಮಾತು ನಡೆಯುತ್ತಿತ್ತು. ಡಯಾಲಿಸಿಸ್ಸಿನ ಕುರ್ಚಿಯಲ್ಲಿ ಅವಳು ಎರಡು ಬೇಸಿಗೆ ಕಳೆದ ಮೇಲೆ ಸೇಲಂನ ದೊಡ್ಡಾಸ್ಪತ್ರೆಯಲ್ಲಿ ತಾಯಿಯದನ್ನು ತೆಗೆದು ಮಗಳಿಗೆ ಕೂಡಿಸಿದರು. ಅಂದಿನಿಂದ ಅಂಜಮ್ಮ ಮಣ್ಣಿನ ಬುಟ್ಟಿ ಎತ್ತುವುದನ್ನು ಬಿಟ್ಟಳು. ಮಗಳು ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟತೊಡಗಿದಳು.

ಬೇರೆಯವರ ಅಂಗವನ್ನು ಮೈ ಹೊರಕ್ಕೆ ದಬ್ಬಲು ನೋಡುತ್ತದೆ, ಅದಕ್ಕೇ ಮೈಯ ಕಾವಲನ್ನು ಮಲಗಿಸಿಡುವ ಮಾತ್ರೆಗಳಿವು, ಜೀವವಿರುವ ತನಕ ನುಂಗಬೇಕು ಎಂದು ಸೇಲಂನ ಡಾಕ್ಟರು ತಿಳಿಸಿ ಹೇಳಿದ್ದರು. ಅಂಜಮ್ಮನ ತವರು ಡೆಂಕಣಿಕೋಟೆಯಾಚೆ, ಕಾಡಂಚಿನ ಊರು. ರಾಗಿ ತೆನೆಗಟ್ಟಿದಾಗ ಗಂಡಸರು ಅಟ್ಟಣೆ ಹತ್ತಿ ಆನೆ ಕಾಯುವುದನ್ನು ನೋಡಿಕೊಂಡೇ ಬೆಳೆದವಳು. ಕಾವಲಿನವನು ನಿದ್ದೆ ಹೋದ ಹೊಲ ಬೆಳಿಗ್ಗೆ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಗಳ ಮೈಯೊಳಗಿನ ಕಾವಲು ಮಲಗಿದ್ದರೆ ಹೊರಗಿನ ಅಟ್ಟಣೆ ತನ್ನದು ಎಂದುಕೊಂಡಳು. ಕೆಮ್ಮುವವರನ್ನು ಬಾಗಿಲಲ್ಲೇ ತಡೆದಳು. ಮದುವೆಮನೆಗಳಿಗೆ ಮಗಳನ್ನು ಕಳಿಸಲಿಲ್ಲ. ಅವಳ ನೀರು ಬೇರೆ, ಲೋಟ ಬೇರೆ, ಹಾಸಿಗೆ ಬೇರೆ.

“ಅಂಜಕ್ಕಾ, ನಿನ್ ಮನೆ ಒಳಕ್ಕೆ ಬರಾಕೂ ಪಾಸ್‌ಪೋರ್ಟ್ ಮಾಡಿಸ್ಬೇಕಾ ನಾನು?” ಎಂದು ಪಕ್ಕದ ಮನೆಯ ಪಾಪಮ್ಮ ಅಣಕಿಸುವಳು.

“ಮಾಡ್ಸು. ಬಾಯಿ ಮುಚ್ಕೊಂಡಿರೋ ಫೋಟೋ ಹಾಕ್ಸು,” ಎಂದು ಅಂಜಮ್ಮ ಬಾಗಿಲಿಗಡ್ಡ ನಿಂತೇ ಉತ್ತರ ಕೊಡುವಳು.

ಇಷ್ಟಾದರೂ ಮೊದಲನೆಯ ವರ್ಷವೇ ಒಂದು ಸಲ ಎಡವಟ್ಟಾಗಿತ್ತು. ಮಗಳಿಗೆ ಸೊಂಟನೋವೆಂದು ಅಂಜಮ್ಮ ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟಳು. ಮುಂದಿನ ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡ ಸೋತಾಗ ಏರುವ ಕ್ರಿಯಾಟಿನಿನ್ ಏರಿತ್ತು. ಸೇಲಂನಲ್ಲಿ ಡಾಕ್ಟರು ಎಲ್ಲರೆದುರು ಬೈದರು. “ನಮ್ಮನ್ನ ಕೇಳದೆ ಯಾರು ಕೊಟ್ಟ ಮಾತ್ರೆಯನ್ನೂ ಕೊಡಬಾರದು, ದೇವರೇ ಬಂದು ಕೊಟ್ಟರೂ ಕೊಡಬಾರದು” ಎಂದರು. ಆ ಮಾತನ್ನು ಅಂಜಮ್ಮ ಸೆರಗಿನ ಗಂಟಿನ ಹಾಗೆ ಕಟ್ಟಿಕೊಂಡಳು. ಅನಾಹುತವಾದದ್ದು ಆ ಮಾತನ್ನು ಅವಳು ಮರೆಯದೆ ಪಾಲಿಸಿದ್ದರಿಂದ.

ಅದು ಪೊಂಗಲ್ಲಿನ ಕಾಲ. ಕುಂಬಾರನ ಮನೆಗೆ ವರ್ಷಕ್ಕೊಮ್ಮೆ ಬರುವ ಸುಗ್ಗಿ. ಅಂಗಳದ ತುಂಬ ಮಡಕೆ, ಜಗಲಿಯ ತುಂಬ ಮಡಕೆ. ಭೋಗಿಯ ಹಿಂದಿನ ದಿನ ಚಂದ್ರಲೇಖಾ ಬಲಗಡೆಯ ಹಣೆ ಉರಿಯುತ್ತದೆ, ಕೂದಲು ಬಾಚಿದರೂ ನೋಯುತ್ತದೆ ಅಂದಳು. ಬಿಸಿಲಿಗಿರಬೇಕು ಎಂದುಕೊಂಡರು. ಭೋಗಿಯ ಬೆಳಿಗ್ಗೆ ನೋಡಿದರೆ ಹಣೆಯಿಂದ ರೆಪ್ಪೆಯವರೆಗೆ ನೀರುಗುಳ್ಳೆ ಎದ್ದಿದ್ದವು. ಬಲಗಡೆಗೆ ಮಾತ್ರ, ಗೆರೆ ಎಳೆದು ನಿಲ್ಲಿಸಿದಂತೆ. ಮೂಗಿನ ತುದಿಯಲ್ಲೂ ಒಂದು.

ಅಂಜಮ್ಮ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಕೆಲಮಂಗಲದ ಡಾಕ್ಟರ ಬಳಿಗೆ ಓಡಿದಳು.

“ಸರ್ಪಸುತ್ತಾ ಡಾಕ್ಟ್ರೇ?”

“ಅದೇ ಕಣಮ್ಮ. ಒಂದು ವೈರಸ್ಸು ಮಾಡೋ ಕೆಲ್ಸ. ಮೂಗಿನ ತುದೀಗೂ ಬಂದೈತೆ ನೋಡಿ, ಅಂದ್ರೆ ಕಣ್ಣಿಗೆ ಹೋಗೋ ನರಾನೇ ಹಿಡ್ಕೊಂಡೈತೆ. ಈ ಮಾತ್ರೆ ಇವತ್ತೇ ಶುರು ಮಾಡಿ. ಕಸಿ ಮಾಡಿದ್ರಲ್ಲ, ಆ ಡಾಕ್ಟ್ರಿಗೂ ಒಂದು ಫೋನ್ ಹಾಕಿ. ಹಬ್ಬ ಕಳೀಲಿ ಅಂತ ಮಾತ್ರ ಕೂರಬೇಡಿ.”

ಆಟೋದಲ್ಲೇ ಅಂಜಮ್ಮ ಸೇಲಂಗೆ ಫೋನು ಹಾಕಿದಳು. ಅವರಿಗೆ ಕೊಟ್ಟಿದ್ದ ನಂಬರು ಆಸ್ಪತ್ರೆಯಲ್ಲಿ ಕಸಿ ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳದು. ಅವಳೂ ಹಬ್ಬಕ್ಕೆ ಊರಿಗೆ ಹೋಗಿರಬೇಕು. ಫೋನು ಬಡಿದುಕೊಂಡು ಸುಮ್ಮನಾಯಿತು. ಮನೆಗೆ ಬಂದು ಮತ್ತೆ ಮಾಡಿದಳು. ಮತ್ತೆ ಹಾಗೇ.

“ತಗೊಳ್ಳಾನೇನಮ್ಮ?” ಮಗಳು ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಕೇಳಿದಳು.

“ಅವ್ರು ಹೇಳ್ಲಿ. ಹೇಳ್ದಿರಾ ಒಂದು ಚೂರೂ ಬ್ಯಾಡ. ಆ ಸಲ ಏನಾಯ್ತು ಮರ್ತ್‌ಬುಟ್ಯಾ?” ಎಂದು ಅಂಜಮ್ಮ ಅದನ್ನು ಇಸಿದುಕೊಂಡು ದೇವರ ಗೂಡಿನಲ್ಲಿಟ್ಟಳು. “ಅಲ್ಲೀಗಂಟ ನಿಮ್ಮಪ್ಪನ ಕೈಲಿ ಕಾವಿ ಬರ್ಸಾನ. ಅದೇನು ಹೊಟ್ಟೆಗೋಗಾದಾ? ಅಮ್ಮಂದುಕ್ಕೆ ಏನೂ ಆಗಾಕಿಲ್ಲ.”

ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವುದು ಆ ಸೀಮೆಯಲ್ಲಿ ಕುಂಬಾರರ ಕೈಗೆ ಬಂದ ಕೆಲಸ. ತಮಿಳರು ಆ ಬೇನೆಯನ್ನು ‘ಅಕ್ಕಿ’ ಎನ್ನುತ್ತಾರೆ, ಆದರೆ ಬರೆಸಿಕೊಳ್ಳಲು ಬರುವುದು ಇದೇ ಬಾಗಿಲಿಗೆ. ಮೂಡಲಿಗೆ ಮುಖ ಮಾಡಿ ಕೂತವರ ಮೈಮೇಲೆ ವೆಂಕಟೇಶಪ್ಪ ಕೋಳಿಪುಕ್ಕದಿಂದ ಗುಳ್ಳೆಗಳ ಸುತ್ತ ಕಾವಿಯ ಗೆರೆ ಎಳೆದು, ಪಕ್ಕದಲ್ಲೊಂದು ಸಿಂಹ ಬರೆಯುತ್ತಾನೆ. ಎಲೆ-ಅಡಿಕೆಯ ಹೊರತು ಏನೂ ಮುಟ್ಟುವುದಿಲ್ಲ. ಕಾವಿ ತೇಯುವುದು ಮನೆಯೊಡತಿ. ಬಂದವರ ಗುಳ್ಳೆಗಳು ಹೇಗೂ ಕೆಲವು ದಿನಕ್ಕೆ ಬಾಡುತ್ತಿದ್ದವು. ಗಟ್ಟಿ ಮೈಯವರಿಗೆ ಅದು ಸುಮ್ಮನಿದ್ದರೂ ಬಾಡುತ್ತದೆ ಎಂಬುದನ್ನು ಅಂಜಮ್ಮ ಕೇಳಿ ತಿಳಿದದ್ದು ಬಹಳ ಆಮೇಲೆ.

ಆ ದಿನ ಸಂತೆಯಿಂದ ಬಂದ ವೆಂಕಟೇಶಪ್ಪ ಪುಕ್ಕ ಹಿಡಿದು ಮಗಳೆದುರು ಕೂತವನು ಹಣೆಗೆ ಬರೆದು, ರೆಪ್ಪೆಯ ಹತ್ತಿರ ಕೈ ನಿಲ್ಲಿಸಿದ.

“ಕಣ್ ಮ್ಯಾಲೆ ಬ್ಯಾಡ ಕಣಮ್ಮಿ. ನಮ್ಮಪ್ಪ ಯಾವತ್ತೂ ಕಣ್ ಮ್ಯಾಲೆ ಬರ್ದೋನಲ್ಲ.”

“ಅಲ್ಲೇ ಅಲ್ವಾ ಜಾಸ್ತಿ ಇರಾದು? ಬರೀರಿ,” ಎಂದಳು ಅಂಜಮ್ಮ.

ಅವನು ಬರೆದ. ಕಾವಿ ಬಿದ್ದ ಮೇಲೆ ಗುಳ್ಳೆ ಒಣಗಿ ಉದುರುವ ತನಕ ನೀರು ಮುಟ್ಟಿಸುವಂತಿಲ್ಲ. ಭೋಗಿ ಕಳೆಯಿತು, ಪೊಂಗಲ್ ಕಳೆಯಿತು, ದನಗಳ ಹಬ್ಬವೂ ಕಳೆಯಿತು. ದಿನವೂ ಅಂಜಮ್ಮ ಕಾವಿ ತೇದಳು, ದಿನವೂ ಸೇಲಂಗೆ ಫೋನು ಮಾಡಿದಳು. ಕೆಂಪು ಮಣ್ಣಿನ ಅಡಿಯಲ್ಲಿ ಕಣ್ಣು ಎಷ್ಟು ಕೆಂಪಗಾಗಿದೆ ಎಂದು ಯಾರಿಗೂ ಕಾಣಲಿಲ್ಲ. ಊದಿದ ರೆಪ್ಪೆ ತೆರೆಯದಿದ್ದಾಗ, ಕಾವಿ ಒಣಗಿ ಹಿಡಿದುಕೊಂಡಿದೆ ಎಂದುಕೊಂಡರು.

ಕೊನೆಗೊಂದು ಬೆಳಿಗ್ಗೆ ಫೋನು ಎತ್ತಿದ ಆ ಹೆಣ್ಣುಮಗಳು ಎಲ್ಲವನ್ನೂ ಕೇಳಿ, ತಕ್ಷಣ ಕಣ್ಣಿನ ಡಾಕ್ಟರ ಬಳಿಗೆ ಹೋಗಿ ಎಂದು ತಮಿಳಿನಲ್ಲಿ ಕಿರುಚಿಕೊಂಡಳು. “ಅಯ್ಯೋ ಅಮ್ಮಾ, ಉಡನೇ ಪೋಂಗ! ಕಣ್ ಡಾಕ್ಟರ್‌ಕಿಟ್ಟೆ ಉಡನೇ ಪೋಂಗ!”

ಕೃಷ್ಣಗಿರಿಯ ಕಣ್ಣಿನ ಆಸ್ಪತ್ರೆಯಲ್ಲಿದ್ದ ಡಾಕ್ಟರು ಹರ್ಷಿತಾ ಹೊಸೂರಿನ ಕಡೆಯವರು, ಕನ್ನಡ ಬಲ್ಲವರು. ಅವರು ಮೊದಲು ಒದ್ದೆ ಹತ್ತಿಯಿಂದ ಕಾವಿಯನ್ನು ತೊಳೆದರು. ತಟ್ಟೆಯ ನೀರು ಕೆಂಪಾಯಿತು, ಬದಲಾಯಿಸಿದ ನೀರೂ ಕೆಂಪಾಯಿತು. ರೆಪ್ಪೆ ಬಿಡಿಸಿ ದೀಪ ಹಿಡಿದು ನೋಡಿದವರು, “ಮಾತ್ರೆ ಯಾವಾಗ ಶುರು ಮಾಡಿದ್ರಿ?” ಎಂದು ಕೇಳಿದರು. ಅಂಜಮ್ಮ ಚೀಲದಿಂದ ಮಾತ್ರೆಯ ಹಾಳೆ ತೆಗೆದು ಕೊಟ್ಟಳು. ಒಂದು ಗುಳಿಗೆಯೂ ಒಡೆದಿರಲಿಲ್ಲ. ಡಾಕ್ಟರು ಅದನ್ನು ತಿರುವಿ ನೋಡಿದರು. ಸೇಲಂನವರು ಬೈದ ಹಾಗೆ ಇವರೂ ಎಲ್ಲರೆದುರು ಬೈದುಬಿಡಲಿ ಎಂದು ಅಂಜಮ್ಮ ತಲೆ ತಗ್ಗಿಸಿ ಕಾದಳು. ಅವರು ಬೈಯಲಿಲ್ಲ.

“ಯಾರಿಂದ ಅಂಟ್ಕೊಂತು ಡಾಕ್ಟ್ರಮ್ಮ? ನಾನು ಒಂದು ನರಪಿಳ್ಳೇನೂ ಒಳಕ್ಕೆ ಬಿಟ್ಟಿಲ್ಲ.”

“ಹೊರಗಿಂದ ಬಂದಿದ್ದಲ್ಲಮ್ಮ. ಚಿಕ್ಕೋಳಿದ್ದಾಗ ಇವಳಿಗೆ ಅಮ್ಮ ಆಗಿತ್ತಾ, ಸೀತಾಳೆ ಸಿಡುಬು?”

“ಆಗಿತ್ತು. ಇಸ್ಕೂಲಿಗೆ ಹೋಗಾವಾಗ.”

“ಆವಾಗ್ಲಿಂದ ನರದೊಳಗೆ ಮಲಗಿತ್ತು. ಮೈಯ ಶಕ್ತಿ ಕಮ್ಮಿ ಆದಾಗ ಎದ್ದಿದೆ.”

ತಾನು ಬಾಗಿಲಿಗೆ ಅಡ್ಡ ನಿಂತದ್ದೆಲ್ಲ ಅಂಜಮ್ಮನ ಕಣ್ಣ ಮುಂದೆ ಬಂತು. ಆನೆ ಮೊದಲಿನಿಂದಲೂ ಹೊಲದೊಳಗೇ ಇತ್ತು.

ಅಲ್ಲಿಂದ ಸೇಲಂ. ರಕ್ತನಾಳಕ್ಕೆ ಹನಿಹನಿಯಾಗಿ ಇಳಿಸುವ ಮದ್ದು. ಆ ಮದ್ದೂ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ, ಅಳೆದು ಅಳೆದು ಕೊಡಬೇಕು. ಹಣೆಯ ಗುಳ್ಳೆ ಮಾಯ್ದವು, ಕಣ್ಣಿನ ಕೆಂಪು ಇಳಿಯಿತು. ಗೆದ್ದೆವು ಎಂದುಕೊಂಡು ಊರಿಗೆ ಬಂದ ಕೆಲವೇ ವಾರಕ್ಕೆ, ಕುಚ್ಚು ಕಟ್ಟುತ್ತಿದ್ದ ಚಂದ್ರಲೇಖಾ ತಲೆಯೆತ್ತಿ, “ಅಮ್ಮಾ, ಈ ಕಡೆಯಿಂದ ಯಾರೋ ಪರದೆ ಎಳ್ಕೊಂಡ್ ಬತ್ತಾವ್ರೆ” ಎಂದಳು. ವೈರಸ್ಸು ಕಣ್ಣಿನ ಹಿಂದಿನ ನರಪಟಲಕ್ಕೆ ಇಳಿದಿತ್ತು. ಹರ್ಷಿತಾ ಕಣ್ಣಿನೊಳಕ್ಕೇ ಸೂಜಿ ಹಾಕಿ ಮದ್ದು ಬಿಟ್ಟರು. ಮತ್ತೆ ಬಿಟ್ಟರು. ಹಸಿ ಆರದ ಮಡಕೆಯನ್ನು ಸುಡಲು ಆವಿಗೆಗಿಟ್ಟರೆ ಮೈಯ ಪದರ ಸಿಡಿದು ಏಳುವುದನ್ನು ಅಂಜಮ್ಮ ಎಷ್ಟೋ ಸಲ ಕಂಡಿದ್ದಳು. ಮಗಳ ಕಣ್ಣಿನ ಪರದೆ ಹಾಗೆ ಎದ್ದುಬಿಟ್ಟಿದೆ ಎಂದು ತಿಳಿದಾಗ, ಅದನ್ನು ಮತ್ತೆ ಮೆತ್ತಲಾಗದು ಎಂದು ಡಾಕ್ಟರು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು.

ಆದರೂ ಕೇಳಿದಳು. “ಡಾಕ್ಟ್ರಮ್ಮ, ನನ್ ಕಣ್ಣು ಚೆನ್ನಾಗವೆ. ದಾರ ಪೋಣಿಸ್ತೀನಿ ಈಗ್ಲೂವೆ. ಒಂದು ತೆಗ್ದು ಇವ್ಳಿಗೆ ಹಾಕ್ರಿ. ಹೋದ್ಸಲ ಕೊಟ್ಟಾಗ ಎಲ್ಲಾ ಹೊಂದ್ತು, ಇದೂ ಹೊಂದ್ತದೆ.”

“ಕಣ್ಣನ್ನ ಹಾಗೆ ಕೊಡೋಕಾಗಲ್ಲಮ್ಮ. ಸತ್ತವರ ಕಣ್ಣಿಂದಲೂ ಮುಂದಿನ ಗಾಜಿನಂಥ ಪೊರೆ ಮಾತ್ರ ತಗೋತೀವಿ. ಹಿಂದಿನ ಪರದೆ ಯಾರದ್ದೂ ಯಾರಿಗೂ ಬರಲ್ಲ.”

ಅಂಜಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೊಡಲು ಒಪ್ಪಿಯೂ ಕೊಡಲಾಗದ್ದು ಒಂದಿದೆ ಎಂದು ಅವಳು ಎಣಿಸಿರಲಿಲ್ಲ.

ಹರ್ಷಿತಾ ಮುಂದಿನ ಮಾತನ್ನು ಚಂದ್ರಲೇಖಾಳಿಗೆ ಹೇಳಿದರು. ಬಲಗಣ್ಣು ಹೋಯಿತು, ಇನ್ನು ಎಡಗಣ್ಣನ್ನು ಕಾಯಬೇಕು. ಅಲ್ಲಿಗೂ ಇದು ಹಾಯಬಹುದು. ಮದ್ದು ಕೊಡುತ್ತೇವೆ, ಆದರೆ ಮದ್ದೊಂದೇ ಸಾಲದು, ಮೈಯೂ ಎದ್ದು ಹೊಡೆದಾಡಬೇಕು. ಅದಕ್ಕೆ ಆ ಮಲಗಿಸುವ ಮಾತ್ರೆಗಳನ್ನು ಕಡಿಮೆ ಮಾಡಬೇಕು. ಮಾಡಿದರೆ ಮೂತ್ರಪಿಂಡಕ್ಕೆ ಅಪಾಯ. ಸೇಲಂನವರೂ ತಾವೂ ಮಾತಾಡಿಕೊಂಡು ಎರಡನ್ನೂ ಉಳಿಸಲು ನೋಡುತ್ತೇವೆ.

“ಕಣ್ಣು ಉಳ್ಸಿ,” ಎಂದಳು ಅಂಜಮ್ಮ. “ನಂದು ಹೋದ್ರೆ ಹೋಗ್ಲಿ.”

ಚಂದ್ರಲೇಖಾ ಹೊಟ್ಟೆಯ ಬಲಬದಿಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು.

ಮಾತ್ರೆ ಕಡಿಮೆ ಮಾಡಿದರು. ಎಡಗಣ್ಣನ್ನು ಮನೆಯಲ್ಲಿ ದಿನವೂ ಪರೀಕ್ಷಿಸುವ ಬಗೆಯನ್ನು ಹರ್ಷಿತಾ ಹೇಳಿಕೊಟ್ಟಿದ್ದರು. ಒಂದೇ ಕಡೆ ದಿಟ್ಟಿ ನೆಟ್ಟು, ಕಣ್ಣು ಕದಲಿಸದೆ, ಅಕ್ಕಪಕ್ಕದ ಅಂಚು ಕಾಣುತ್ತದೆಯೇ ನೋಡಬೇಕು. ಅಂಚು ಮಾಸಿದರೆ ಅವತ್ತೇ ಬರಬೇಕು. ಅಂಜಮ್ಮ ಜಗಲಿಯ ಎದುರಿನ ಮೋಟುಗೋಡೆಯ ಮೇಲೆ ಉದ್ದಕ್ಕೂ ಕುಡಿಕೆಗಳನ್ನು ಜೋಡಿಸಿದಳು. ನಡುವೆ ಹೊಗೆ ಹಿಡಿದ ಕರಿಯ ಕುಡಿಕೆ. ಎಡತುದಿಯಲ್ಲಿ, ತಿಗರಿಯ ಮೇಲೆ ಕೈ ಅಲುಗಿ ಬಾಯಿ ಸೊಟ್ಟಗಾಗಿದ್ದ ಕುಡಿಕೆ. ಬೆಳಿಗ್ಗೆ ಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ ಮಗಳನ್ನು ಜಗಲಿಯ ಕಲ್ಲಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನು ಕೂರುವಳು.

“ಕರೀದ್ನೇ ನೋಡು. ಕಣ್ಣು ಆಡಿಸ್ಬ್ಯಾಡ. ಆ ತುದಿ?”

“ಕಾಣ್ತೈತೆ.”

“ಈ ತುದಿ?”

“ಕಾಣ್ತೈತಮ್ಮ. ದಿನಾ ಅದೇನ್ ಕೇಳ್ತೀಯ, ಗೋಡೆ ಏನು ನಡ್ಕೊಂಡ್ ಹೋಗ್ಬುಡ್ತದಾ?”

ಮೊದಮೊದಲು ಆ ಉತ್ತರ ನಿಜವೇ ಆಗಿತ್ತು. ಅಷ್ಟರಲ್ಲಿ ಸೇಲಂನ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತು. ಮುಖ ಊದಿಕೊಂಡಿತು. ಅಲ್ಲಿಯ ಡಾಕ್ಟರು ಹುಬ್ಬು ಗಂಟಿಕ್ಕಿ ಕಣ್ಣು ಹೇಗಿದೆ ಎಂದು ಕೇಳಿದರೆ, ಚಂದ್ರಲೇಖಾ ಚೆನ್ನಾಗಿದೆ ಎಂದಳು. ಮನೆಯ ಪರೀಕ್ಷೆಯನ್ನು ಅಂಜಮ್ಮನೂ ವಿವರಿಸಿ ಹೇಳಿದಳು. ಅವರು ಕೃಷ್ಣಗಿರಿಗೆ ಫೋನು ಮಾಡಿ, ಅಲ್ಲಿಯ ಕಳೆದ ತಪಾಸಣೆಯಲ್ಲಿ ಎಡಗಣ್ಣು ಸರಿಯಿತ್ತು ಎಂದು ಖಚಿತಪಡಿಸಿಕೊಂಡು, ಮಾತ್ರೆಗಳನ್ನು ಮತ್ತೆ ಮೊದಲಿನ ಅಳತೆಗೆ ಏರಿಸಿದರು. ಆ ವಾರವೇ ಕೃಷ್ಣಗಿರಿಗೂ ಹೋಗಬೇಕಿತ್ತು. ಬಸ್ಸಿನಲ್ಲಿ ಕುಲುಕಿ ಸಾಕಾಗಿದೆ, ಮುಂದಿನ ವಾರ ಹೋದರಾಯಿತು ಎಂದಳು ಮಗಳು. ಬೆಳಿಗ್ಗೆಯ ಪರೀಕ್ಷೆ ಸರಿಯಿದೆಯಲ್ಲ ಎಂದು ಅಂಜಮ್ಮನೂ ಒಪ್ಪಿದಳು. ಮುಖದ ಊತ ಇಳಿಯಿತು. ಅಮ್ಮಂದು ಮತ್ತೆ ಹಾದಿಗೆ ಬರುತ್ತಿತ್ತು.

ಕೃಷ್ಣಗಿರಿಯ ರಸ್ತೆಯಲ್ಲಿ ಮಾವಿನಕಾಯಿಯ ಲಾರಿಗಳು ಸಾಲುಗಟ್ಟಿದ ದಿನಗಳವು. ಆಸ್ಪತ್ರೆಗೆ ಹೋಗಬೇಕಿದ್ದ ವಾರ ಬರುವ ಮೊದಲೇ, ಒಂದು ಬೆಳಿಗ್ಗೆ ಇನ್ನೂ ಬಿಸಿಲೇರುವ ಮುನ್ನ, ಮೇಲಿನ ಬೀದಿಯ ಮುನೀಂದ್ರ ವೆಂಕಟೇಶಪ್ಪನ ಬಾಗಿಲಿಗೆ ಬಂದು ನಿಂತ. ಅವನ ತಂದೆ ವೆಂಕಟರಾಮಪ್ಪ ತೀರಿಕೊಂಡಿದ್ದರು. ಹೆಗಲ ಮೇಲೆ ಹೊರಲು ಹೊಸ ಮಡಕೆ ಬೇಕಿತ್ತು, ಕೈಯಲ್ಲಿ ಬೆಂಕಿ ಒಯ್ಯಲು ಒಂದು ಕುಡಿಕೆಯೂ. ಅಂಜಮ್ಮ ನೀರಿಗೆ ಹೋಗಿದ್ದಳು. ಚಂದ್ರಲೇಖಾ ಒಳಗೆ ಮಲಗಿದ್ದಳು. ಹಿಂದಿನ ದಿನದ ಆವಿಗೆ ಇನ್ನೂ ಆರಿರಲಿಲ್ಲ. ಸಾವಿನ ಮನೆಯವರನ್ನು ಬರಿಗೈಯಲ್ಲಿ ಕಳಿಸುವುದು ಕುಂಬಾರನಿಗೆ ಸಲ್ಲದು. ವೆಂಕಟೇಶಪ್ಪ ಒಳಗಿದ್ದ ಮಡಕೆಯೊಂದನ್ನು ಕೊಟ್ಟು, ಗೋಡೆಯ ತುದಿಯ ಕುಡಿಕೆಯನ್ನೂ ಎತ್ತಿ ಕೊಟ್ಟ. ಸುಡುಗಾಡಿಗೆ ಹೋಗುವುದಕ್ಕೆ ಸೊಟ್ಟ ಬಾಯಿಯದೇ ಸಾಕಲ್ಲ ಎಂದು ಅವನ ಲೆಕ್ಕ. ಆಮೇಲೆ ಟವಲು ಹೊದ್ದು ಅವನೂ ಅವರ ಹಿಂದೆ ಹೋದ.

ಅಂಜಮ್ಮ ಬಂದಾಗ ಮಗಳು ಎದ್ದು ಜಗಲಿಯ ಕಲ್ಲಿನ ಮೇಲೆ ತಾನಾಗಿ ಕೂತಿದ್ದಳು. ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಅಂಜಮ್ಮ ಪಕ್ಕದಲ್ಲಿ ಕೂತು, ಗೋಡೆಯ ಕಡೆ ನೋಡದೆಯೇ ಕೇಳಿದಳು.

“ಆ ತುದಿ?”

“ಕಾಣ್ತೈತೆ.”

“ಈ ತುದಿ?”

“ಕಾಣ್ತೈತೆ.”

ಆಗ ಅಂಜಮ್ಮ ಕಣ್ಣೆತ್ತಿದಳು. ಗೋಡೆಯ ಎಡತುದಿ ಖಾಲಿಯಿತ್ತು. ಕುಡಿಕೆ ಕೂತಿದ್ದ ಕಡೆ ದುಂಡನೆಯ ಗುರುತಿತ್ತು, ಅದರ ಮೇಲೆ ಬಿಸಿಲು ಬಿದ್ದಿತ್ತು.

ಒಂದು ಗಳಿಗೆ ಅವಳಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಆಮೇಲೆ ಬಹಳ ನಿಧಾನವಾಗಿ ಕೇಳಿದಳು. “ಎಡಗಡೆ ಕೊನೇದು ಹೆಂಗೈತೆ ಹೇಳು?”

“ಹೆಂಗಿರ್ತದೆ, ದಿನಾ ಇದ್ದಂಗೆ. ಬಾಯಿ ಒಸಿ ಸೊಟ್ಟ,” ಎಂದು ಚಂದ್ರಲೇಖಾ ನಕ್ಕಳು. “ಅಪ್ಪಂಗೆ ಅವತ್ತು ತಿಗರಿ ಮ್ಯಾಲೆ ನಿದ್ದೆ ಬಂದಿರ್ಬೇಕು.”

ಅಂಜಮ್ಮ ನಗಲಿಲ್ಲ. ಪಕ್ಕದ ಮನೆಯಿಂದ ಪಾಪಮ್ಮ, “ಅಂಜಕ್ಕಾ, ಎಂಗಟ್ರಾಮಣ್ಣ ಹೋಗ್ಬುಟ್ಟನಂತೆ, ನೋಡ್ಕೊಂಡ್ ಬರಾನ ಬತ್ತೀಯಾ?” ಎಂದು ಕೂಗಿದಳು. “ನಿಮ್ ಯಜಮಾನ್ರು ಆಗ್ಲೇ ಗೋಡೆ ಮ್ಯಾಲಿನ ಕುಡ್ಕೆ ಕೊಟ್ಟು ಅವ್ರ ಜೊತೇಲೇ ಹೋದ್ರು.”

ಚಂದ್ರಲೇಖಾಳ ನಗು ಅಲ್ಲೇ ನಿಂತಿತು. ಅವಳು ತಲೆಯನ್ನು ಗೋಡೆಯ ಕಡೆ ತಿರುಗಿಸಿದಳು, ಇನ್ನೂ ಸ್ವಲ್ಪ ತಿರುಗಿಸಿದಳು. ಅವಳು ಕಣ್ಣಿಗೆ ಬದಲು ಕತ್ತನ್ನೇ ತಿರುಗಿಸಿ ಹುಡುಕುತ್ತಿದ್ದಾಳೆ ಎಂಬುದು ಅಂಜಮ್ಮನಿಗೆ ಆಗ ಕಂಡಿತು. ಈಚೆಗೆ ಅವಳು ಕುಚ್ಚಿನ ದಾರವನ್ನು ಮುಖದ ಹತ್ತಿರ ಹಿಡಿಯುತ್ತಿದ್ದದ್ದು, ಲೋಟಕ್ಕೆ ಕೈಯಿಡುವ ಮುನ್ನ ನೆಲವನ್ನು ಸವರುತ್ತಿದ್ದದ್ದು, ಎಲ್ಲವೂ ಕಂಡಿತು. ಕಂಡದ್ದನ್ನೆಲ್ಲ ನೋಡದೆ ಬಿಟ್ಟಿದ್ದಳು. ಬೆಳಿಗ್ಗೆ ಉತ್ತರ ಬಂದರೆ ಅವಳಿಗೆ ಸಾಕಾಗುತ್ತಿತ್ತು.

“ಎಷ್ಟು ದಿವ್ಸದಿಂದ?”

ಚಂದ್ರಲೇಖಾ ಗೋಡೆಯ ಕಡೆಯಿಂದ ಮುಖ ತಿರುಗಿಸಿಕೊಂಡಳು.

“ಎಷ್ಟು ದಿವ್ಸದಿಂದ ಸುಳ್ಳು ಹೇಳ್ತಿದ್ದೀಯೇ, ಪಾಪಿ?” ಎಂದು ಅಂಜಮ್ಮ ಮಗಳ ರಟ್ಟೆ ಹಿಡಿದು ಅಲುಗಿಸಿದಳು.

“ಸೇಲಂಗೆ ಹೋದ್ವಲ್ಲ, ಅದಕ್ಕೂ ಮುಂಚೆ ಒಸಿ ಶುರುವಾಗಿತ್ತು.” ಮಗಳ ದನಿಯಲ್ಲಿ ಅಳು ಇರಲಿಲ್ಲ. “ಕಾಣಾಕಿಲ್ಲ ಅಂದಿದ್ರೆ ಮಾತ್ರೆ ಏರಿಸ್ತಿರ್ಲಿಲ್ಲ. ನಿಂದು ಹೋಗ್ಬುಡ್ತಿತ್ತು. ಆಮೇಲೆ ಆ ಕುರ್ಚಿ, ಆ ಸೂಜಿ. ನೀನು ಹೊಟ್ಟೆ ಕೊಯ್ಸ್ಕೊಂಡು ಕೊಟ್ಟಿದ್ದು ಕಸಕ್ಕೆ ಹಾಕ್ದಂಗೆ.”

“ಕಣ್ಣು ಉಳೀಲಿ, ನಂದು ಹೋಗ್ಲಿ ಅಂತ ನಾನೇ ಹೇಳಿರ್ಲಿಲ್ವಾ?”

“ಹೇಳ್ದೆ. ಮಾತ್ರೆ ನುಂಗಬ್ಯಾಡ ಅಂತ್ಲೂ ನೀನೇ ಹೇಳಿದ್ದೆ.”

ಅದು ಚುಚ್ಚಲೆಂದು ಹೇಳಿದ ಮಾತಲ್ಲ. ಹಾಗೆ ಹೇಳಿದ್ದರೆ ಅಂಜಮ್ಮ ಜಗಳವಾಡಿಯಾದರೂ ಹಗುರಾಗುತ್ತಿದ್ದಳು. ಅವಳು ಮಾಡಿದ್ದನ್ನೇ ಮಗಳೂ ಮಾಡಿದ್ದಳು. ಒಂದೇ ಒಂದು ಅಂಗವನ್ನು ಕಾಯುತ್ತಾ ಇಬ್ಬರೂ ಸರದಿಯ ಮೇಲೆ ಒಂದೊಂದು ಕಣ್ಣು ಬಿಟ್ಟುಕೊಟ್ಟಿದ್ದರು.

ಅವತ್ತೇ ಕೃಷ್ಣಗಿರಿಗೆ ಹೋದರು. ಮಾವಿನ ಲಾರಿಗಳ ನಡುವೆ ಸಿಕ್ಕಿ ಬಸ್ಸು ತೆವಳಿತು. ಕಿಟಕಿಯ ಪಕ್ಕ ಕೂತ ಚಂದ್ರಲೇಖಾ ಹೊರಗೆ ನೋಡಲಿಲ್ಲ. ಹರ್ಷಿತಾ ದೀಪ ಹಿಡಿದು ನೋಡಿ, ದೀಪ ಆರಿಸಿದರು. “ಯಾಕಮ್ಮ ಹೀಗ್ ಮಾಡಿದೆ?” ಎಂದು ಒಮ್ಮೆ ಕೇಳಿದರು. ಮತ್ತೆ ಸೂಜಿ, ಮತ್ತೆ ಸೇಲಂ, ಮತ್ತೆ ಹನಿಮದ್ದು. ಮಾತ್ರೆಗಳನ್ನು ಮತ್ತೆ ಇಳಿಸಿದರು. ನಡುವೆ ಉಳಿದಿದ್ದ ತುಸು ನೋಟವನ್ನು ಹಿಡಿದು ನಿಲ್ಲಿಸಲು ಅವರು ಮಾಡದೆ ಬಿಟ್ಟದ್ದೇನೂ ಇಲ್ಲ. ಅದು ದಿನದಿನಕ್ಕೆ ಕಿರಿದಾಯಿತು. ಒಂದು ಅಂಗೈ, ಒಂದು ಬೆರಳು, ಕೊನೆಗೆ ಹಗಲಿಗೂ ನೆರಳಿಗೂ ಇರುವ ವ್ಯತ್ಯಾಸ.

ವೆಂಕಟೇಶಪ್ಪ ಕೋಳಿಪುಕ್ಕವನ್ನು ಆವಿಗೆಗೆ ಹಾಕಿದ. ಬರೆಸಿಕೊಳ್ಳಲು ಬಂದವರಿಗೆ, “ಡಾಕ್ಟ್ರ ಹತ್ರ ಹೋಗಿ, ಇವತ್ತ್ ಇವತ್ತೇ ಹೋಗಿ,” ಎನ್ನುತ್ತಾನೆ. ಕೆಲವರು ಹೋಗುತ್ತಾರೆ. ಕೆಲವರು ಕುಂಬಾರನಿಗೆ ಸೊಕ್ಕು ಬಂದಿದೆ ಎಂದು ಬೈದು, ರಾಯಕೋಟೆಯ ಕಡೆ ಇನ್ನೊಬ್ಬ ಬರೆಯುವವನಿದ್ದಾನೆ ಎಂದು ಆ ಬಸ್ಸು ಹತ್ತುತ್ತಾರೆ. ಜಗಲಿಯಲ್ಲಿ ಕೂತ ಅಂಜಮ್ಮ ಅವರನ್ನು ಕರೆದು ತಡೆಯಬೇಕೆಂದುಕೊಳ್ಳುತ್ತಾಳೆ. ಏನೆಂದು ಕರೆಯುವುದು?

ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಸೇಲಂಗೆ ಹೋದಾಗ ಅಲ್ಲಿಯ ಡಾಕ್ಟರು ರಕ್ತದ ವರದಿ ನೋಡಿ ಅಚ್ಚರಿಪಟ್ಟರು. ಇಷ್ಟೆಲ್ಲ ಆದರೂ ಕ್ರಿಯಾಟಿನಿನ್ ಇಳಿದಿತ್ತು. ಕಸಿಯಾದ ಮೊದಲ ವಾರದಲ್ಲಿ ಹೇಗಿತ್ತೋ ಹಾಗಿತ್ತು. “ಗಟ್ಟಿ ಕಿಡ್ನಿಯಮ್ಮ ನಿಮ್ಮದು,” ಎಂದರು ಅಂಜಮ್ಮನ ಕಡೆ ತಿರುಗಿ. ಅಂಜಮ್ಮ ಕೈಮುಗಿದಳು. ಮುಗಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಹೊರಗೆ ಬಂದಳು.

ಈಗ ಮೋಟುಗೋಡೆಯ ಮೇಲೆ ಏನೂ ಇಲ್ಲ. ಅಂಗಳದ ನಡುವೆ, ಜಗಲಿಯಿಂದ ಬಚ್ಚಲಿನವರೆಗೆ, ಮಡಕೆ-ಕುಡಿಕೆ ಯಾವುದನ್ನೂ ಇಡದೆ ಒಂದು ದಾರಿ ಬಿಟ್ಟಿದ್ದಾರೆ. ಅಮ್ಮಂದುಕ್ಕೆ ನೀರು ಚೆನ್ನಾಗಿ ಬೇಕು, ಆದ್ದರಿಂದ ಚಂದ್ರಲೇಖಾ ಚೆನ್ನಾಗಿ ನೀರು ಕುಡಿಯುತ್ತಾಳೆ. ಕುಡಿದದ್ದನ್ನು ಅಮ್ಮಂದು ತಪ್ಪದೆ ಸೋಸಿ ಕಳಿಸುತ್ತದೆ. ಹಗಲಲ್ಲಿ ಎಷ್ಟೋ ಸಲ ಅವಳು ಏಳುತ್ತಾಳೆ. ಅಡಿಗೆಮನೆಯಲ್ಲಿರುವ ಅಂಜಮ್ಮನಿಗೆ ಮೊದಲು ಕೇಳಿಸುವುದು ಗೋಡೆಯ ಮೇಲೆ ಅಂಗೈ ಸವರಿಕೊಂಡು ಹೋಗುವ ಸದ್ದು. ಆಮೇಲೆ ಬಚ್ಚಲಿನ ಬಾಗಿಲು. ಆಮೇಲೆ ಒಳಗಿನ ನೀರಿನ ಸದ್ದು, ಆರೋಗ್ಯವಂತರದು, ಧಾರಾಳವಾದದ್ದು. ಆ ಸದ್ದು ಕೇಳಬೇಕೆಂದೇ ಅವಳು ಹಿಂದೊಮ್ಮೆ ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರಾಗುತ್ತಲೇ, “ಒಂದಕ್ಕೆ ಹೋಯ್ತಾ ಮಗು?” ಎಂದು ನರ್ಸನ್ನು ಕೇಳಿದ್ದಳು.

ಬಾಗಿಲು ಮತ್ತೆ ತೆರೆಯುತ್ತದೆ. ಅಂಗೈ ಗೋಡೆಯನ್ನು ಹುಡುಕುತ್ತದೆ, ಒಮ್ಮೆ ತಪ್ಪುತ್ತದೆ, ಮತ್ತೆ ಹುಡುಕುತ್ತದೆ. ಅಂಜಮ್ಮ ಒಲೆಯ ಮುಂದೆ ಸೌಟು ಹಿಡಿದು, ಅದು ಸಿಗುವ ತನಕ ಉಸಿರಾಡದೆ ನಿಲ್ಲುತ್ತಾಳೆ.